ಬೇಸಿಗೆಯಲ್ಲಿ ಬಿಸಿಯೇರುವ ಕೊಳವೆ ಬಾವಿ ಕಂಪ್ರೆಸರ್

ಕೋಲಾರ, ತುಮಕೂರು, ಚಿತ್ರದುರ್ಗದಂಥ ಬಯಲುಸೀಮೆಯ ಜಿಲ್ಲೆಗಳಲ್ಲಿ ನೀರು ಕಡಿಮೆಯಿರುವ ಕೊಳವೆ ಬಾವಿಗಳಿಗೆ ಗಾಳಿಯ ಕಂಪ್ರೆಸರನ್ನು ಅಳವಡಿಸಿಕೊಂಡಿರುವ ರೈತರಿದ್ದಾರೆ. ಬಾವಿಯೊಳಗೆ ತಿರುಗುವ ಭಾಗ ಯಾವುದೂ ಇಲ್ಲವಾದ್ದರಿಂದ ಮರಳು ಬಂದರೂ, ನೀರು ನಿಂತು ನಿಂತು ಬಂದರೂ ಇದಕ್ಕೆ ಕೇಡಿಲ್ಲ. ಯಂತ್ರವು ಮೇಲೆ, ಕಣ್ಣೆದುರಿಗೇ ಇರುತ್ತದೆ. ವಿದ್ಯುತ್ತನ್ನು ಹೆಚ್ಚು ತಿನ್ನುತ್ತದೆಂಬುದು ನಿಜ. ಆದರೆ ಸಬ್‌ಮರ್ಸಿಬಲ್ ಪಂಪು ನಿಲ್ಲದ ಬಾವಿಯಲ್ಲಿ ಬೇರೆ ದಾರಿಯೂ ಇಲ್ಲ.

ಈ ಯಂತ್ರ ಕೈಕೊಡುವುದು ಮಾತ್ರ ತಪ್ಪದೆ ಏಪ್ರಿಲ್-ಮೇ ತಿಂಗಳಲ್ಲಿ. ಹೆಡ್ಡು ಕೆಂಡದಂತಾಗುತ್ತದೆ, ಸುಟ್ಟ ಎಣ್ಣೆಯ ವಾಸನೆ ಬರುತ್ತದೆ, ಅರ್ಧ ಗಂಟೆಗೊಮ್ಮೆ ಸ್ಟಾರ್ಟರು ಬೀಳುತ್ತದೆ. ಯಂತ್ರವನ್ನು ಬಿಚ್ಚಿ ಪೇಟೆಗೆ ಸಾಗಿಸಿದರೆ ವಾಪಸು ಬರಲು ಎಂಟು ಹತ್ತು ದಿನ. ಆ ಹೊತ್ತಿಗೆ ಅಡಿಕೆಯ ಹೀಚುಗಳು ಉದುರಿರುತ್ತವೆ. ಟೊಮ್ಯಾಟೊ ಹೂವು ಕಟ್ಟುವ ಕಾಲವಾಗಿದ್ದರೆ ಆ ಬೆಳೆಯ ಕಥೆ ಅಲ್ಲಿಗೆ ಮುಗಿಯಿತು.

ನಾನು ಬೇಸಾಯಶಾಸ್ತ್ರದವನು, ಯಂತ್ರಶಾಸ್ತ್ರದವನಲ್ಲ. ಆದರೂ ಇದನ್ನು ಬರೆಯುವುದಕ್ಕೆ ಕಾರಣವಿದೆ. ಅಡಿಕೆಯ ಹೀಚು ಉದುರುತ್ತಿದೆ, ಯಾವ ಔಷಧಿ ಹೊಡೆಯಬೇಕು ಎಂದು ಕೇಳಿ ಒಬ್ಬ ರೈತರು ತಮ್ಮ ತೋಟಕ್ಕೆ ಕರೆದೊಯ್ದರು. ನೋಡಿದರೆ ರೋಗವೂ ಇಲ್ಲ, ಕೀಟವೂ ಇಲ್ಲ; ಗಿಡಕ್ಕೆ ನೀರೇ ಇಲ್ಲ. ನೀರೇಕಿಲ್ಲವೆಂದರೆ ಕಂಪ್ರೆಸರ್ ಓಡುತ್ತಿಲ್ಲ. ಅದೇ ಬೇಸಿಗೆಯಲ್ಲಿ ಎರಡು ಸಲ ಕವಾಟಗಳನ್ನು ಬದಲಾಯಿಸಿದ್ದರು, ಪಿಸ್ಟನ್ನಿನ ರಿಂಗು ಹಾಕಿಸಿದ್ದರು. ಇಷ್ಟಾದರೂ ಬಿಸಿ ಇಳಿದಿರಲಿಲ್ಲ. ಕೊನೆಗೆ ಸಿಕ್ಕಿದ ಕಾರಣಕ್ಕೆ ಒಂದು ರೂಪಾಯಿಯ ಸಾಮಾನೂ ಬೇಕಾಗಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಬಿಸಿ ಎಲ್ಲಿಂದ ಬರುತ್ತದೆ?

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನೀವೆಲ್ಲ ಕಂಡಿದ್ದೀರಿ. ಗಾಳಿಯನ್ನು ಒತ್ತಿದರೆ ಅದು ಕಾಯಲೇಬೇಕು. 30 ಡಿಗ್ರಿ ಸೆಂಟಿಗ್ರೇಡಿನ ಗಾಳಿಯನ್ನು ತಂಪುಗೊಳಿಸದೆ ಒಂದೇ ಹಂತದಲ್ಲಿ 5 ಕಿಲೋ ಒತ್ತಡಕ್ಕೆ ತಂದರೆ ಲೆಕ್ಕದ ಪ್ರಕಾರ ಅದರ ಉಷ್ಣತೆ ಸುಮಾರು 230 ಡಿಗ್ರಿಗೆ ಏರುತ್ತದೆ. ಸಿಲಿಂಡರಿನ ಸುತ್ತಲಿನ ರೆಕ್ಕೆಗಳೂ, ಎರಡು ಹಂತದ ಯಂತ್ರವಾದರೆ ನಡುವಣ ತಂಪುಕೊಳವೆಯೂ ಈ ಬಿಸಿಯನ್ನು ಹೊರಗೆ ಚೆಲ್ಲಲೆಂದೇ ಇರುವುವು. ಆದ್ದರಿಂದ ಹೆಡ್ಡಿನ ಮೇಲೆ ಬಿದ್ದ ಹನಿ ಚುರ್ ಎಂದರೆ ಗಾಬರಿಯಾಗಬೇಕಿಲ್ಲ. ಹೆಡ್ಡಿನ ಬಣ್ಣ ಬೊಬ್ಬೆಯೇಳುವುದು, ಎಣ್ಣೆ ಬೇಗನೆ ಕಪ್ಪಾಗುವುದು, ಮೋಟಾರು ಪದೇ ಪದೇ ನಿಲ್ಲುವುದು, ಇವು ರೋಗದ ಲಕ್ಷಣಗಳು.

ಇನ್ನೊಂದು ಲೆಕ್ಕವನ್ನು ಗಮನಿಸಿ. ಯಂತ್ರ ಎಳೆದುಕೊಳ್ಳುವ ಗಾಳಿ 10 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ, ಅದೇ ಒತ್ತಡಕ್ಕೆ ಹೊರಬರುವ ಗಾಳಿ 16 ಡಿಗ್ರಿಗೂ ಹೆಚ್ಚು ಬಿಸಿಯಾಗಿರುತ್ತದೆ. ಕಳ್ಳರ ಭಯದಿಂದ ನಾಲ್ಕೂ ಕಡೆ ತಗಡು ಹೊಡೆದು ಬೀಗ ಹಾಕಿದ ಪಂಪಿನ ಮನೆಯಲ್ಲಿ ಮಧ್ಯಾಹ್ನ ಒಳಗೆ ಕಾಲಿಟ್ಟು ನೋಡಿ. ಯಂತ್ರದ ಕಷ್ಟ ನಿಮಗೇ ತಿಳಿಯುತ್ತದೆ. ತಾನು ಉಗುಳಿದ ಬಿಸಿಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತಿರುತ್ತದೆ.

ಮೊದಲು ಮನೆ, ಆಮೇಲೆ ಯಂತ್ರ

ಆದ್ದರಿಂದ ಸ್ಪ್ಯಾನರು ಹಿಡಿಯುವ ಮೊದಲು ಪಂಪಿನ ಮನೆಯನ್ನು ಸರಿಪಡಿಸಿರಿ. ಫ್ಲೈವೀಲಿನ ಕಡೆಯ ಗೋಡೆಯಲ್ಲಿ ಕೆಳಗೆ ಒಂದು, ಎದುರು ಗೋಡೆಯಲ್ಲಿ ಸೂರಿನ ಹತ್ತಿರ ಒಂದು, ಹೀಗೆ ಅಗಲವಾದ ಕಿಂಡಿಗಳನ್ನು ಬಿಟ್ಟು ಕಬ್ಬಿಣದ ಸರಳು ಹಾಕಿಸಿದರೆ ಕಳ್ಳನೂ ಬಾರ, ಗಾಳಿಯೂ ಆಡುತ್ತದೆ. ಫ್ಲೈವೀಲು ಗೋಡೆಯಿಂದ ಎರಡು ಅಡಿಯಾದರೂ ದೂರವಿರಲಿ. ತಗಡಿಗೆ ಸುಣ್ಣ ಬಳಿದು ಮೇಲೆ ತೆಂಗಿನ ಗರಿ ಹೊದಿಸಬೇಕು. ಗಾಳಿ ಎಳೆಯುವ ಫಿಲ್ಟರನ್ನು ಒಂದು ಪೈಪಿನ ಮೂಲಕ ಮನೆಯ ಹೊರಗೆ, ನೆರಳಿನ ಕಡೆಗೆ ಒಯ್ದರೆ ಇನ್ನೂ ಒಳ್ಳೆಯದು. ಆದರೆ ಆ ಪೈಪು ಯಂತ್ರದ ಬಾಯಿಗಿಂತ ಅಗಲವಾಗಿರಬೇಕು, ಮೊಣಕೈಗಳು ಕಡಿಮೆಯಿರಬೇಕು. ಸಣ್ಣ ಪೈಪು ಹಾಕಿದರೆ ಮೂಗು ಹಿಡಿದು ಓಡಿಸಿದಂತಾಗುತ್ತದೆ.

ಫಿಲ್ಟರು ದೂಳಿನಿಂದ ಕಟ್ಟಿಕೊಂಡರೂ ಇದೇ ಫಲ. ಉಳುಮೆಯ ದೂಳು, ಒಕ್ಕಣೆಯ ಹೊಟ್ಟು ಹಾರುವ ದಿನಗಳಲ್ಲಿ ವಾರಕ್ಕೊಮ್ಮೆ ತೆಗೆದು ಕೊಡವಬೇಕು. ಸಿಲಿಂಡರಿನ ರೆಕ್ಕೆಗಳ ಸಂದಿನಲ್ಲಿ ಎಣ್ಣೆಯ ಜಿಡ್ಡಿಗೆ ದೂಳು ಮೆತ್ತಿಕೊಂಡು ಕಂಬಳಿ ಹೊದಿಸಿದಂತಾಗಿರುತ್ತದೆ. ಯಂತ್ರ ತಣ್ಣಗಿರುವಾಗ ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ಅದ್ದಿದ ಬ್ರಷ್ಷಿನಿಂದ ತಿಕ್ಕಿ, ಒರೆಸಿ, ಒಣಗಿಸಿರಿ. ತಂಪುಕೊಳವೆಯನ್ನು ಮರೆಯಬೇಡಿ.

ತಿರುಗುವ ದಿಕ್ಕು

ಈಗ ಆ ಅಡಿಕೆ ತೋಟದ ಸಂಗತಿ. ಫ್ಲೈವೀಲಿನ ಕಡ್ಡಿಗಳು ಫ್ಯಾನಿನ ರೆಕ್ಕೆಯಂತೆ ಓರೆಯಾಗಿರುವುದನ್ನು ನೀವು ಗಮನಿಸಿರಬಹುದು. ಸರಿಯಾದ ದಿಕ್ಕಿನಲ್ಲಿ ತಿರುಗಿದಾಗ ಅವು ಗಾಳಿಯನ್ನು ಸಿಲಿಂಡರುಗಳ ಮೇಲೆ ಬೀಸುತ್ತವೆ. ಆ ಊರಿನಲ್ಲಿ ಟ್ರಾನ್ಸ್‌ಫಾರ್ಮರ್ ಕೆಟ್ಟು ಬೇರೆ ಕೂರಿಸಿದಾಗ ಎರಡು ಫೇಸುಗಳು ಅದಲುಬದಲಾಗಿದ್ದವು. ಮೋಟಾರು ಅಂದಿನಿಂದ ಹಿಮ್ಮುಖವಾಗಿ ತಿರುಗುತ್ತಿತ್ತು. ಪಿಸ್ಟನ್ನು ಹೇಗೆ ತಿರುಗಿಸಿದರೂ ಮೇಲೆ ಕೆಳಗೆ ಆಡಿಯೇ ಆಡುತ್ತದೆ, ಆದ್ದರಿಂದ ನೀರು ಬರುತ್ತಲೇ ಇತ್ತು, ಯಾರಿಗೂ ಸಂಶಯ ಬರಲಿಲ್ಲ. ಗಾಳಿ ಮಾತ್ರ ಸಿಲಿಂಡರಿನ ಮೇಲೆ ಬೀಸುವ ಬದಲು ಹಿಂದಕ್ಕೆ ಹೋಗುತ್ತಿತ್ತು. ಕೆಲವು ಯಂತ್ರಗಳಲ್ಲಿ ಹೀಗಾದರೆ ಒಳಗೆ ಎಣ್ಣೆ ಚಿಮ್ಮುವ ಏರ್ಪಾಡೂ ಕೆಡುತ್ತದೆ.

ಇದನ್ನು ಕಂಡುಹಿಡಿಯಲು ಊದಿನಕಡ್ಡಿಯೊಂದು ಸಾಕು. ಯಂತ್ರ ಓಡುವಾಗ ಬೆಲ್ಟಿನಿಂದ ದೂರ ನಿಂತು, ಹೆಡ್ಡಿನ ಆಚೆ ಬದಿಯಲ್ಲಿ ಹೊಗೆಯನ್ನು ಹಿಡಿಯಿರಿ. ಹೊಗೆ ಫ್ಲೈವೀಲಿನಿಂದ ದೂರ ಹಾರಬೇಕು. ಅದರ ಕಡೆಗೆ ಸೇದಿಕೊಂಡು ಹೋದರೆ ದಿಕ್ಕು ತಪ್ಪಿದೆ. ಫ್ಲೈವೀಲಿನ ಮೇಲೆ ಅಥವಾ ಅದರ ಜಾಲರಿಯ ಮೇಲೆ ಬಾಣದ ಗುರುತಿದ್ದರೆ ಅದರೊಡನೆಯೂ ಹೋಲಿಸಬಹುದು. ಮೇನ್ ಸ್ವಿಚ್ಚನ್ನು ತೆಗೆಸಿ, ತಿಳಿದವರಿಂದ ಮೋಟಾರಿನ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿಸಿದರೆ ಕೆಲಸ ಮುಗಿಯಿತು. ಲೈನಿನಲ್ಲಿ ರಿಪೇರಿಯಾದಾಗಲೆಲ್ಲ ಈ ಪರೀಕ್ಷೆ ಮಾಡಿಕೊಳ್ಳುವುದು ಕ್ಷೇಮ.

ರೈತರು ತಾವಾಗಿಯೇ ತಂದುಕೊಳ್ಳುವ ಇನ್ನೊಂದು ತೊಂದರೆ ದೊಡ್ಡ ಪುಲ್ಲಿ. ನೀರು ಕಡಿಮೆಯಾದಾಗ ಮೋಟಾರಿನ ಪುಲ್ಲಿಯನ್ನು ಬದಲಾಯಿಸಿ ವೇಗ ಹೆಚ್ಚಿಸುವ ಅಭ್ಯಾಸವಿದೆ. 1440 ಸುತ್ತಿನ ಮೋಟಾರಿಗೆ 7 ಅಂಗುಲದ ಪುಲ್ಲಿಯೂ ಕಂಪ್ರೆಸರಿಗೆ 14 ಅಂಗುಲದ ಚಕ್ರವೂ ಇದ್ದರೆ ಯಂತ್ರ 720 ಸುತ್ತು ತಿರುಗುತ್ತದೆ. ಪುಲ್ಲಿಯನ್ನು 8 ಅಂಗುಲಕ್ಕೆ ಏರಿಸಿದರೆ 820 ದಾಟುತ್ತದೆ. ಬಿಸಿ ಹೆಚ್ಚಾಗುತ್ತದೆ, ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ. ಬೇಸಿಗೆಯಲ್ಲಿ ವೋಲ್ಟೇಜೂ ಇಳಿದಿರುವುದರಿಂದ ಸ್ಟಾರ್ಟರು ಬೀಳುತ್ತದೆ. ಆಗ ಸ್ಟಾರ್ಟರಿನ ಓವರ್‌ಲೋಡನ್ನು ಮೇಲಕ್ಕೆ ತಿರುಗಿಸುವವರೂ ಇದ್ದಾರೆ. ಅದು ಮೋಟಾರನ್ನು ಸುಡುವ ಹಾದಿ. ಬಾವಿಯಲ್ಲಿ ಇಲ್ಲದ ನೀರನ್ನು ಯಾವ ಪುಲ್ಲಿಯೂ ತರಲಾರದು.

ಒತ್ತಡದ ಗೇಜು

ಬಾವಿಯಲ್ಲಿ ನೀರಿದೆಯೇ ಇಲ್ಲವೇ ಎಂಬುದನ್ನು ಗೇಜೇ ಹೇಳುತ್ತದೆ. ಗಾಳಿಯ ಕೊಳವೆಯ ತುದಿ ನೀರಿನೊಳಗೆ ಎಷ್ಟು ಆಳವಿದೆಯೋ ಅಷ್ಟೇ ಒತ್ತಡ ಬೇಕು. 10 ಮೀಟರಿಗೆ ಸುಮಾರು 1 ಕಿಲೋ. ಪ್ರಾರಂಭದಲ್ಲಿ 5 ಕಿಲೋ ತೋರಿಸಿದರೆ ತುದಿಯ ಮೇಲೆ 50 ಮೀಟರ್ ನೀರು ನಿಂತಿದೆ ಎಂದರ್ಥ. ನೀರು ಹೊರಬರತೊಡಗಿ ಮಟ್ಟ ಇಳಿದಂತೆ ಒತ್ತಡವೂ ಇಳಿಯುತ್ತದೆ. ಪ್ರತಿ ತಿಂಗಳು ಇದನ್ನು ಗೋಡೆಯ ಮೇಲೆ ಬರೆದಿಡಿ. ಒತ್ತಡ ಮೊದಲಿಗಿಂತ ಹೆಚ್ಚಾಗಿ, ನೀರು ಕಡಿಮೆಯಾಗಿ, ಹೆಡ್ಡು ಕಾಯುತ್ತಿದ್ದರೆ ಗಾಳಿಯ ಕೊಳವೆಯೋ ಅದರ ತುದಿಯೋ ಹೂಳು ಇಲ್ಲವೆ ಸುಣ್ಣದಂಶದಿಂದ ಕಟ್ಟಿದೆ. ಒತ್ತಡವೂ ಕುಸಿದು, ಬರಿಯ ಗಾಳಿಯೇ ಬುಸುಗುಟ್ಟುತ್ತಿದ್ದರೆ ಯಂತ್ರದಲ್ಲಿ ದೋಷವಿಲ್ಲ; ಬಾವಿಗೆ ವಿಶ್ರಾಂತಿ ಬೇಕಾಗಿದೆ.

ಇಷ್ಟೆಲ್ಲ ನೋಡಿದ ಮೇಲೂ ಬಿಸಿ ಇಳಿಯದಿದ್ದರೆ ಕವಾಟಗಳನ್ನು ಸಂಶಯಿಸಬೇಕು. ಫಿಲ್ಟರು ತೆಗೆದು, ಗಾಳಿಯ ಬಾಯಿಗೆ ಅಂಗೈಯನ್ನು ತುಸು ದೂರದಲ್ಲಿ ಹಿಡಿಯಿರಿ. ಒಂದೇ ಸಮನೆ ಎಳೆತವಿರಬೇಕು. ಉಫ್ ಉಫ್ ಎಂದು ಹಿಂದಕ್ಕೆ ಊದಿದರೆ ಎಳೆಯುವ ಕವಾಟ ಸೋರುತ್ತಿದೆ. ಎರಡು ಹಂತದ ಯಂತ್ರದಲ್ಲಿ ನಡುವಣ ಕೊಳವೆಯ ರಕ್ಷಣಾ ಕವಾಟ ಪದೇ ಪದೇ ಹಾರಿದರೆ ಎರಡನೆಯ ಹಂತದ ಕವಾಟಗಳಲ್ಲಿ ದೋಷವಿದೆ. ಒಮ್ಮೆ ಒತ್ತಿದ ಬಿಸಿ ಗಾಳಿ ಹಿಂದಕ್ಕೆ ಬಂದು ಮತ್ತೆ ಒತ್ತಲ್ಪಡುವುದರಿಂದ ಬಿಸಿ ಏರುತ್ತದೆ, ಬಿಸಿಗೆ ಎಣ್ಣೆ ಸುಟ್ಟು ಕವಾಟದ ಮೇಲೆ ಕರಿ ಕಟ್ಟುತ್ತದೆ, ಕರಿಯಿಂದ ಕವಾಟ ಇನ್ನಷ್ಟು ಸೋರುತ್ತದೆ. ಮೇಲಿನ ದೋಷಗಳನ್ನು ಹಾಗೆಯೇ ಬಿಟ್ಟು ಕವಾಟ ಮಾತ್ರ ಬದಲಾಯಿಸಿದರೆ ತಿಂಗಳೊಳಗೆ ಮತ್ತೆ ಅದೇ ಪಾಡು. ಟ್ರಾಕ್ಟರಿಗೆ ತಂದು ಉಳಿದ ಎಣ್ಣೆಯನ್ನು ಹಾಕದೆ ಕಂಪ್ರೆಸರಿಗೆಂದೇ ಬರುವ ಎಣ್ಣೆಯನ್ನು, ತಯಾರಕರ ಪುಸ್ತಿಕೆಯಲ್ಲಿ ಹೇಳಿದ ದರ್ಜೆಯದನ್ನು, ಗಾಜಿನ ನಡುಮಟ್ಟದವರೆಗೆ ಹಾಕಬೇಕು.

ಕಾದ ಹೆಡ್ಡಿನ ಮೇಲೆ ನೀರು ಸುರಿಯುವುದನ್ನೂ ಒದ್ದೆ ಗೋಣಿಚೀಲ ಹೊದಿಸುವುದನ್ನೂ ದಯವಿಟ್ಟು ಬಿಡಿ. ಬೀಡು ಕಬ್ಬಿಣ ಒಮ್ಮೆಲೇ ತಣಿದರೆ ಬಿರಿಯುತ್ತದೆ. ಬಿರಿದ ಹೆಡ್ಡಿಗೆ ಮದ್ದಿಲ್ಲ. ರಕ್ಷಣಾ ಕವಾಟವನ್ನು ತಂತಿಯಿಂದ ಕಟ್ಟುವುದಂತೂ ಪ್ರಾಣಾಪಾಯ.

ಎಷ್ಟು ಹೊತ್ತು ಓಡಿಸಬೇಕು?

ಇದು ನನ್ನ ಕ್ಷೇತ್ರದ ಪ್ರಶ್ನೆ. 2.7 ಮೀಟರ್ ಅಂತರದ ಅಡಿಕೆ ಎಕರೆಗೆ ಸುಮಾರು 555 ಗಿಡ. ಹನಿ ನೀರಾವರಿಯಲ್ಲಿ ಬೇಸಿಗೆಯಲ್ಲಿ ಗಿಡಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. 18 ಲೀಟರೆಂದು ಹಿಡಿದರೆ ಎಕರೆಗೆ ಸುಮಾರು 10,000 ಲೀಟರ್. ಗಂಟೆಗೆ 2,000 ಲೀಟರ್ ಕೊಡುವ ಬಾವಿಯಾದರೆ ಐದು ಗಂಟೆ. ಕಾಲುವೆಯಲ್ಲಿ ಹಾಯಿಸಿ ಹತ್ತು ಗಂಟೆ ಓಡಿಸುವ ಯಂತ್ರಕ್ಕೂ ಐದು ಗಂಟೆ ಓಡುವ ಯಂತ್ರಕ್ಕೂ ಆಯಸ್ಸಿನಲ್ಲಿ ಎಷ್ಟು ಅಂತರವೆಂದು ಹೇಳಬೇಕಾಗಿಲ್ಲ. ಮೂರು ಫೇಸಿನ ವಿದ್ಯುತ್ತು ರಾತ್ರಿ ಅಥವಾ ಬೆಳಗಿನ ಜಾವ ಬರುವ ಪಾಳಿಯಲ್ಲಿ ಯಂತ್ರ ಓಡಿಸಿ ನೀರನ್ನು ತೊಟ್ಟಿಯಲ್ಲಿ ತುಂಬಿಕೊಳ್ಳಿ, ಗಾಳಿಯೂ ತಂಪಾಗಿರುತ್ತದೆ. ಗಿಡದ ಬುಡಕ್ಕೆ ಸೋಗೆ ಹೊದಿಸಿದರೆ ಕೊಟ್ಟ ನೀರು ಆವಿಯಾಗದೆ ಉಳಿಯುತ್ತದೆ. ಹಗಲು ಪಾಳಿಯೇ ಬಂದರೆ ನಡುಮಧ್ಯಾಹ್ನ ಒಂದು ಗಂಟೆ ನಿಲ್ಲಿಸುವುದರಿಂದ ಬಾವಿಯಲ್ಲಿ ನೀರೂ ಊರುತ್ತದೆ, ಹೆಡ್ಡೂ ತಣಿಯುತ್ತದೆ.

ತೊಟ್ಟಿಯ ನೀರಿನ ಮೇಲೆ ಎಣ್ಣೆಯ ಪೊರೆ ಕಂಡರೆ ರಿಂಗುಗಳು ಸವೆದಿವೆಯೆಂದು ತಿಳಿದು ಕೂಡಲೇ ನೋಡಿಸಬೇಕು. ಅಂಥ ನೀರನ್ನು ಮನೆಗೆ ಕುಡಿಯಲು ಒಯ್ಯಬಾರದು, ದನಗಳಿಗೂ ಕುಡಿಸಬಾರದು.