ಬಡ್ಡಿ ಒಂದೇ, ಬೆಲೆ ಹಲವು

2022ರ ಆಗಸ್ಟ್‌ನಲ್ಲಿ ಎಸ್ಟೋನಿಯಾದ ಹಣದುಬ್ಬರ ಶೇ 25 ದಾಟಿತ್ತು. ಅದೇ ತಿಂಗಳು ಫ್ರಾನ್ಸ್‌ನಲ್ಲಿ ಅದು ಶೇ 7ನ್ನೂ ಮುಟ್ಟಿರಲಿಲ್ಲ. ಎರಡೂ ಕಡೆ ಚಲಾವಣೆಯಲ್ಲಿದ್ದದ್ದು ಯೂರೊ. ಎರಡಕ್ಕೂ ಬಡ್ಡಿ ದರ ಗೊತ್ತುಮಾಡುವುದು ಫ್ರಾಂಕ್‌ಫರ್ಟ್‌ನ ಯೂರೋಪಿಯನ್ ಸೆಂಟ್ರಲ್ ಬ್ಯಾಂಕ್. ಹಣ ಒಂದಾಗಿಯೂ ಬೆಲೆ ಒಂದಾಗದ ಈ ಕಥೆ ಯೂರೊದಷ್ಟೇ ಹಳೆಯದು.

ಅಪಾಯ ಯಾರಿಗೂ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಬ್ರಿಟನ್ ಪ್ರಧಾನಿ ಥ್ಯಾಚರ್ ಅವರ ಆರ್ಥಿಕ ಸಲಹೆಗಾರ ಅಲನ್ ವಾಲ್ಟರ್ಸ್ 1980ರ ದಶಕದಲ್ಲೇ ಎಚ್ಚರಿಸಿದ್ದರು: ವಿನಿಮಯ ದರವನ್ನು ಕಟ್ಟಿಹಾಕಿದರೆ ಎಲ್ಲೆಡೆ ಬಡ್ಡಿ ಸಮನಾಗುತ್ತದೆ; ಆಗ ಬೆಲೆ ಬೇಗ ಏರುವ ದೇಶದಲ್ಲೇ ಸಾಲ ಅಗ್ಗವಾಗಿ, ಬೆಲೆಯನ್ನು ಇನ್ನಷ್ಟು ಏರಿಸುತ್ತದೆ. 1992ರ ಮಾಸ್ಟ್ರಿಕ್ಟ್ ಒಪ್ಪಂದ ಯೂರೊ ಸೇರುವವರಿಗೆ ಹಣದುಬ್ಬರದ ಮಿತಿ ಹಾಕಿತು. ಆದರೆ ಅದು ಬಾಗಿಲಲ್ಲಿ ನಡೆಯುವ ತಪಾಸಣೆ ಮಾತ್ರ. ಒಳಬಂದ ಮೇಲೆ ಆ ಕಟ್ಟುಪಾಡಿಲ್ಲ.

ಐರ್ಲೆಂಡ್‌ನಲ್ಲಿ ವಾಲ್ಟರ್ಸ್ ಮಾತು ನಿಜವಾಯಿತು. 1998ರ ಆರಂಭದಲ್ಲಿ ಶೇ 6ಕ್ಕೂ ಹೆಚ್ಚಿದ್ದ ಬಡ್ಡಿಯನ್ನು ಯೂರೊಗೆ ಹೊಂದಿಸಲು ಡಿಸೆಂಬರ್ ಹೊತ್ತಿಗೆ ಶೇ 3ಕ್ಕೆ ಇಳಿಸಬೇಕಾಯಿತು. ಅದೂ ಆರ್ಥಿಕತೆ ನಾಗಾಲೋಟದಲ್ಲಿದ್ದಾಗ. 2000ದಲ್ಲಿ ಅಲ್ಲಿ ಹಣದುಬ್ಬರ ಶೇ 5 ದಾಟಿತು. ಬೆಲೆಯೇರಿಕೆ ಕಳೆದು ನೋಡಿದರೆ ಸಾಲ ಹೆಚ್ಚೂಕಡಿಮೆ ಪುಕ್ಕಟೆ. ಜನರೂ ಬ್ಯಾಂಕುಗಳೂ ಮನೆ, ನಿವೇಶನಗಳ ಮೇಲೆ ದುಡ್ಡು ಸುರಿದರು. ಹಣದುಬ್ಬರ ಶೇ 2ರೊಳಗಿದ್ದ ಜರ್ಮನಿಗೆ ಅದೇ ಬಡ್ಡಿ ಭಾರವಾಗಿತ್ತು. 2007ರಿಂದ ಐರ್ಲೆಂಡ್‌ನ ಮನೆಗಳ ಬೆಲೆ ಕುಸಿಯತೊಡಗಿ ಬ್ಯಾಂಕುಗಳು ಮುಗ್ಗರಿಸಿದವು. 2010ರಲ್ಲಿ ದೇಶ 8,500 ಕೋಟಿ ಯೂರೊ ನೆರವಿನ ಪ್ಯಾಕೇಜ್‌ಗೆ ಒಪ್ಪಬೇಕಾಯಿತು.

ಬಡ್ಡಿ ತಮ್ಮ ಕೈಯಲ್ಲಿಲ್ಲದ ಮೇಲೆ ದೇಶಗಳು ಬೇರೆ ದಾರಿ ಹಿಡಿದವು. 2015ರಲ್ಲಿ ಐರ್ಲೆಂಡ್‌ನ ಸೆಂಟ್ರಲ್ ಬ್ಯಾಂಕ್, ಸಾಲಗಾರರ ಆದಾಯ ಮತ್ತು ಮನೆಯ ಮೌಲ್ಯ ನೋಡಿ ಗೃಹಸಾಲಕ್ಕೆ ಮಿತಿ ಹೇರಿತು. 2022ರಲ್ಲಿ ಫ್ರಾನ್ಸ್ ಮನೆಬಳಕೆ ವಿದ್ಯುತ್ ದರದ ಏರಿಕೆಯನ್ನು ಶೇ 4ಕ್ಕೆ ತಡೆಯಿತು. ಎಸ್ಟೋನಿಯಾದಲ್ಲಿ ಅನೇಕ ಮನೆಗಳ ಕರೆಂಟ್ ಬಿಲ್ಲು ವಿದ್ಯುತ್ ಮಾರುಕಟ್ಟೆಯ ದರದೊಂದಿಗೇ ಏರಿಳಿಯುತ್ತಿತ್ತು. ಹಾಗಾಗಿ ಉಕ್ರೇನ್ ಯುದ್ಧದ ಬಿಸಿ ನೇರವಾಗಿ ತಟ್ಟಿತು.

ಫ್ರಾಂಕ್‌ಫರ್ಟ್‌ನ ಗುರಿ ಶೇ 2, ಅದೂ ಇಡೀ ವಲಯದ ಸರಾಸರಿ. ಸುಮಾರು 13 ಲಕ್ಷ ಜನರ ಎಸ್ಟೋನಿಯಾದಲ್ಲಿ ಬೆಲೆ ಎಷ್ಟೇ ಜಿಗಿದರೂ ಆ ಸರಾಸರಿ ಅಲುಗುವುದಿಲ್ಲ. ತೆರಿಗೆ, ಸಬ್ಸಿಡಿ, ಸಾಲದ ನಿಯಮ: ಸರ್ಕಾರಗಳಿಗೆ ಉಳಿದಿರುವುದು ಇಷ್ಟೇ. ಸಾಲಕ್ಕೆ ಲಗಾಮು ಹಾಕಬೇಕಾದದ್ದು ಅದು ಅಗ್ಗವಾಗಿರುವಾಗ, ಎಲ್ಲರೂ ಖುಷಿಯಾಗಿರುವಾಗ. ಮತ ಕೇಳುವವರು ಆ ಹೊತ್ತಿನಲ್ಲಿ ಬೇಡ ಎನ್ನುವುದು ಅಪರೂಪ.