ನೇರಳೆಯ ನೆಂಟ
ಬರೋಡದ ಅಲ್ಕಾಪುರಿಯಲ್ಲಿ ಮಳೆ ಹಿಡಿಯುವ ಹೊತ್ತಿಗೆ ಗಾಡಿಯವನು 'ಜಾಂಬು, ಜಾಂಬು' ಎಂದು ಕೂಗುತ್ತಾ ಬರುತ್ತಾನೆ. ನಮ್ಮ ನೇರಳೆಯೇ. ನಾಲಿಗೆ ನೀಲಿ ಮಾಡಿಕೊಂಡು ತಿನ್ನುವಾಗಲೆಲ್ಲ ಅದರ ನೆಂಟನೊಬ್ಬ ನನಗೆ ನೆನಪಾಗುತ್ತಾನೆ.

ಸಿಜಿಜಿಯಂ ಟ್ರಾವಂಕೋರಿಕಂ ಅಂತ ಅದರ ಶಾಸ್ತ್ರೀಯ ಹೆಸರು. ತಿರುವಾಂಕೂರಿನ ಮರವೆಂದು ಗ್ಯಾಂಬಲ್ ಎಂಬ ಸಸ್ಯಶಾಸ್ತ್ರಜ್ಞ ಇಟ್ಟದ್ದು. ಅದು ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲೂ ಇದೆಯೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಪ್ರಕಟಿಸಿದರು. ಈಗ ಅದು ಅಳಿವಿನ ಅಂಚಿಗೆ ಬಂದ ಮರ.

ಹೀಗೇಕಾಯಿತು? ನೇರಳೆ ಹಾದಿಬದಿಯಲ್ಲೂ ಬೆಳೆದೀತು. ಇದಕ್ಕೆ ಮಾತ್ರ ಕಾಡಿನ ತಗ್ಗಿನಲ್ಲಿ ಸಿಹಿನೀರಿನ ಜೌಗು ಬೇಕು. ರಾಂಪತ್ರೆಯ ಜಾತಿಯ ಮರಗಳು ಗಾಳಿಗೆ ಬೇರು ಎತ್ತಿ ನಿಂತಿರುತ್ತವಲ್ಲ, ಅಂಥ ಜಾಗ. ಗದ್ದೆಗೂ ಅಡಿಕೆ ತೋಟಕ್ಕೂ ಒಳ್ಳೆಯದು ಅದೇ ತಗ್ಗು! ಕಡಿದವರು ದುಷ್ಟರೇನಲ್ಲ, ಹೊಟ್ಟೆಪಾಡಿನ ಜನ. ನಾನು ಓದಿದ್ದೂ ಅಡಿಕೆ ದುಡ್ಡಿನಲ್ಲೇ.

ತಮಾಷೆಯೆಂದರೆ ನೀಲಗಿರಿಯೂ ಇದೇ ಮನೆತನದ್ದು. ಆಸ್ಟ್ರೇಲಿಯಾದ ಆ ನೆಂಟನನ್ನು 1980ರ ದಶಕದಲ್ಲಿ ಬಯಲುಸೀಮೆಯ ಹೊಲಹೊಲಕ್ಕೂ ಕರೆದು ಕೂರಿಸಿದೆವು.

'ಇದರ ಸಸಿ ತಂದು ಬೇರೆ ಕಡೆ ನೆಟ್ಟರಾಯ್ತಲ್ಲ' ಎಂದ ಗೆಳೆಯನೊಬ್ಬ. ನೆಡಬಹುದು. ಆದರೆ ಜೊತೆಗೆ ನೆರಳಿನ ಕಾಡೂ ಬೇಕು, ಬತ್ತದ ತೊರೆಯೂ ಬೇಕು. ಅವೆರಡೂ ಒಟ್ಟಿಗೆ ಉಳಿದಿರೋದು ಕತ್ತಲೆಕಾನಿನಂಥ ಕೆಲವೇ ಕಡೆ.