ನದಿಗಳೂ ನಾಗರಿಕತೆಗಳೂ

ನಾಗರಿಕತೆಯು ನದೀತೀರಗಳಲ್ಲಿ ಹುಟ್ಟಿತೆಂಬ ಮಾತನ್ನು ನಾವೆಲ್ಲರೂ ಬಾಲ್ಯದಲ್ಲಿಯೇ ಓದಿರುತ್ತೇವೆ. ನೈಲ್, ಟೈಗ್ರಿಸ್, ಯೂಫ್ರೆಟೀಸ್, ಸಿಂಧೂ, ಹ್ವಾಂಗ್ ಹೋ ಎಂಬ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ನಮಗೆ ಅಭ್ಯಾಸವಾಗಿದೆ. ಆದರೆ ನದಿಯಿದ್ದಲ್ಲೆಲ್ಲ ನಗರ ಹುಟ್ಟುವುದಾದರೆ ನಮ್ಮ ಕೃಷ್ಣೆ ಮಾಡಿದ ಅಪರಾಧವೇನು?

ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನಲ್ಲಿ ಪಾಲಬಾವಿಯೆಂಬ ಊರುಂಟು. ಅದರ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ. ಗ್ರೀಕರು ಇಟ್ಟ ಮೆಸೊಪೊಟೇಮಿಯವೆಂಬ ಹೆಸರಿಗೂ ಎರಡು ನದಿಗಳ ನಡುವಣ ನಾಡೆಂದೇ ಅರ್ಥ. ಆದರೂ ಈ ಊರು ತನ್ನ ಹೆಸರಿನಲ್ಲಿ ಉಳಿಸಿಕೊಂಡಿರುವುದು ಹೊಳೆಯನ್ನಲ್ಲ, ಬಾವಿಯನ್ನು. ನಮ್ಮ ಪ್ರಶ್ನೆಗೆ ಉತ್ತರದ ಸುಳಿವು ಇಲ್ಲಿಯೇ ಇದೆಯೆಂದು ನನಗೆ ತೋರುತ್ತದೆ.

ನದಿ ಹರಿಯುವುದಷ್ಟೇ ಸಾಲದು. ಅದರ ನೆರೆ ಯಾವ ಕಾಲದಲ್ಲಿ ಬರುವುದೆಂಬುದನ್ನು ನೋಡಬೇಕು. ಇಥಿಯೋಪಿಯದ ಬೆಟ್ಟಗಳಲ್ಲಿ ಬೇಸಗೆಯಲ್ಲಿ ಸುರಿದ ಮಳೆಯಿಂದ ನೈಲ್ ನದಿಯು ಉಕ್ಕುತ್ತಿತ್ತು. ಶರತ್ಕಾಲ ಕಳೆಯುವಷ್ಟರಲ್ಲಿ ಇಳಿಯುತ್ತಿತ್ತು. ಆ ಒದ್ದೆ ಮಣ್ಣಿನಲ್ಲಿ ಗೋಧಿಯನ್ನು ಬಿತ್ತಿ, ಮರುವರ್ಷದ ನೆರೆಗೆ ಮೊದಲೇ ಕೊಯ್ದುಕೊಳ್ಳಬಹುದಾಗಿತ್ತು. ಹೊಸ ಮಣ್ಣನ್ನು ತಂದು ಹಾಸಿ, ಹಳೆಯ ಉಪ್ಪನ್ನು ತೊಳೆದುಕೊಂಡು ಹೋಗುವ ಕೆಲಸವನ್ನೂ ನೆರೆಯೇ ಮಾಡುತ್ತಿತ್ತು. ೧೯೭೦ರಲ್ಲಿ ಆಸ್ವಾನಿನ ದೊಡ್ಡ ಅಣೆಕಟ್ಟು ಮುಗಿದ ಮೇಲೆ ಈ ಸಾವಿರಾರು ವರ್ಷಗಳ ಸೇವೆ ನಿಂತುಹೋಯಿತು.

ಟೈಗ್ರಿಸ್, ಯೂಫ್ರೆಟೀಸ್ ನದಿಗಳಿಗೆ ಈ ಸೌಜನ್ಯವಿರಲಿಲ್ಲ. ಉತ್ತರದ ಪರ್ವತಗಳ ಹಿಮ ಕರಗಿ, ಏಪ್ರಿಲ್ ಮೇ ತಿಂಗಳುಗಳಲ್ಲಿ, ಎಂದರೆ ಜವೆಗೋಧಿ ಕೊಯ್ಲಿಗೆ ಬರುವ ಹೊತ್ತಿಗೆ ಸರಿಯಾಗಿ, ಅವುಗಳ ನೆರೆ ಬರುತ್ತಿತ್ತು. ಬೇಡವಾದಾಗ ನೀರನ್ನು ತಡೆಯಬೇಕು, ಬೇಕಾದಾಗ ಕಾಲುವೆ ತೋಡಿ ತರಬೇಕು. ಒಬ್ಬ ರೈತನಿಂದ ಆಗುವ ಕೆಲಸವಲ್ಲ ಇದು. ಸುಮೇರಿಯದ ಮಣ್ಣಿನ ಹಲಗೆಗಳಲ್ಲಿ ಧಾನ್ಯದ ಲೆಕ್ಕ, ಹೊಲದ ಲೆಕ್ಕ, ಆಳುಗಳ ಲೆಕ್ಕಗಳೇ ತುಂಬಿರುವುದು ಆಶ್ಚರ್ಯವಲ್ಲ.

ಸಿಂಧೂ ನದಿಗೆ ಹಿಮದ ನೀರೂ ಉಂಟು, ಮುಂಗಾರಿನ ನೀರೂ ಉಂಟು. ನೆರೆಯ ಭಯವನ್ನು ಅರಿತಿದ್ದ ಮೊಹೆಂಜೋದಾರೊ ನಗರದವರು ಎತ್ತರದ ಜಗಲಿಗಳ ಮೇಲೆ ಕಟ್ಟಡಗಳನ್ನು ಕಟ್ಟಿದರು. ಕ್ರಿ. ಪೂ. ೨೬೦೦ರಿಂದ ೧೯೦೦ರವರೆಗೆ ಅವರ ನಗರಗಳು ಉಚ್ಛ್ರಾಯದಲ್ಲಿದ್ದುವು. ಹ್ವಾಂಗ್ ಹೋ ನದಿಯೋ, ತಾನು ತಂದ ಮಣ್ಣಿನಿಂದ ತನ್ನ ಪಾತ್ರವನ್ನೇ ಎತ್ತರಿಸಿಕೊಂಡು ದಾರಿ ಬದಲಿಸುವ ಸ್ವಭಾವದ್ದು.

ಇನ್ನು ನಮ್ಮ ಕೃಷ್ಣೆ. ಮಹಾಬಲೇಶ್ವರದಲ್ಲಿ ಹುಟ್ಟಿ, ಕಪ್ಪು ಕಲ್ಲಿನ ನೆಲವನ್ನು ಕೊರೆದುಕೊಂಡು ಬರುವ ಈ ನದಿಯ ದಂಡೆ ಬಹುಕಡೆ ಎತ್ತರ; ನೀರು ಹೊಲಕ್ಕಿಂತ ಬಹಳ ಕೆಳಗೆ. ಆದರೆ ಆ ಕಲ್ಲು ಕರಗಿ ಆದ ಎರೆಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಿಂಗಾರಿಗೆ ಬಿತ್ತಿದ ಬಿಳಿಜೋಳವು ನೆಲದ ತೇವದಿಂದಲೂ ಚಳಿಗಾಲದ ಇಬ್ಬನಿಯಿಂದಲೂ ಬೆಳೆದು ಕೈಗೆ ಬರುತ್ತದೆ. ಬೆಳೆಗೆ ಮಣ್ಣೇ ಸಾಕಾದಾಗ, ಕುಡಿಯುವುದಕ್ಕೊಂದು ಬಾವಿಯಿದ್ದರಾಯಿತು. ನದಿಯನ್ನು ಪಳಗಿಸುವ ಅಗತ್ಯವೇ ಬೀಳಲಿಲ್ಲ.

ಆ ಎರೆಯನ್ನು ಆಳವಾಗಿ ಉಳುವುದೂ ಕಲ್ಲಿನ ಕೊಡಲಿಯವರಿಗೆ ಸುಲಭವಿರಲಿಲ್ಲ. ಅದಕ್ಕಾಗಿಯೇ ಇರಬೇಕು, ಸಿಂಧೂ ನಗರಗಳ ಕಾಲದಲ್ಲಿ ಕೃಷ್ಣೆಯ ಕೆಳಹರಿವಿನ ನಾಡಿನಲ್ಲಿ ಬಾಳಿದ ಜನರು ಗುಡ್ಡಗಳ ತಪ್ಪಲಲ್ಲಿ ದನಕಾಯ್ದು, ಹುರುಳಿ, ಹೆಸರು, ಕಿರುಧಾನ್ಯಗಳನ್ನು ಬೆಳೆದರು. ಅವರು ಬಿಟ್ಟುಹೋದದ್ದು ಅರಮನೆಯಲ್ಲ, ಬೂದಿಯ ದಿಬ್ಬ! ಹಂಪೆಯ ಹತ್ತಿರ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ದಹಿಸಿದ ಬೂದಿಯೆಂದು ಜನರು ನಂಬಿದ್ದರು. ಬಳ್ಳಾರಿ ಸೀಮೆಯ ಕುಡತಿನಿಯ ಬೂದಿಯನ್ನು ಪರೀಕ್ಷಿಸಿದ ವಿಜ್ಞಾನಿಗಳು ಅದು ಸುಟ್ಟ ಸಗಣಿಯೆಂದು ಕಂಡುಕೊಂಡರು. ತೆಲಂಗಾಣದ ಉತ್ನೂರಿನಲ್ಲಿ ೧೯೫೭ರಲ್ಲಿ ಅಗೆದಾಗ ಹಸುಗಳ ಗೊರಸಿನ ಗುರುತುಗಳೇ ದೊರೆತುವು. ಸುರಪುರ ತಾಲ್ಲೂಕಿನ ಬೂದಿಹಾಳದಲ್ಲಿ ದಿಬ್ಬದ ಪಕ್ಕದಲ್ಲಿಯೇ ಮನೆಗಳೂ ಕಂಡುಬಂದುವು. ಇವರನ್ನು ಅನಾಗರಿಕರೆನ್ನಲು ನನಗೆ ಮನಸ್ಸಿಲ್ಲ.

ಮುಂದೆ ನಗರಗಳು ಎದ್ದಾಗಲೂ ಹೊಳೆಯ ದಂಡೆಯೇ ಬೇಕೆನ್ನಲಿಲ್ಲ. ಕ್ರಿ. ಶ. ೫೪೩ರಲ್ಲಿ ಒಂದನೆಯ ಪುಲಕೇಶಿಯು ಕೋಟೆ ಕಟ್ಟಿದ ಬಾದಾಮಿ ಮಲಪ್ರಭೆಯ ದಂಡೆಯಲ್ಲಿಲ್ಲ; ಗುಡ್ಡಗಳ ನಡುವಣ ಕೆರೆಯ ಸುತ್ತ ಇದೆ.

ಪಳಗಿಸುವ ಕೆಲಸ ಈ ನಾಡಿಗೆ ತಡವಾಗಿ ಬಂದಿತು. ಘಟಪ್ರಭೆಗೆ ಧೂಪದಾಳದಲ್ಲಿ ೧೮೯೭ರಲ್ಲಿ ಒಡ್ಡು ಮುಗಿದು ಕಾಲುವೆ ಹರಿಯಿತು. ಆ ಮೇಲೆ ಹಿಡಕಲ್ಲಿನಲ್ಲಿ ಅಣೆಕಟ್ಟಾಯಿತು. ಕೃಷ್ಣೆಯ ನೀರನ್ನು ಯಂತ್ರಗಳು ಮೇಲೆತ್ತಿದುವು. ಜೋಳದ ಎರೆಯಲ್ಲಿ ಕಬ್ಬು ನಿಂತಿತು. ೨೦೦೫ರಲ್ಲಿಯೂ ೨೦೧೯ರಲ್ಲಿಯೂ ಕೃಷ್ಣೆ ಉಕ್ಕಿ, ರಾಯಬಾಗ, ಅಥಣಿ, ಚಿಕ್ಕೋಡಿಗಳ ದಂಡೆಯ ಊರುಗಳನ್ನು ಮುಳುಗಿಸಿದ್ದನ್ನು ಪತ್ರಿಕೆಗಳಲ್ಲಿ ತಾವು ಓದಿರಬಹುದು. ಆದರೆ ಸದ್ದಿಲ್ಲದೆ ಬರುವ ಮತ್ತೊಂದು ಕೇಡುಂಟು. ನೀರನ್ನು ಬಿಡದ ಎರೆಮಣ್ಣಿಗೆ ವರ್ಷವಿಡೀ ನೀರು ಕಟ್ಟಿದರೆ, ಅಡಿಯ ನೀರು ಮೇಲೇರಿ, ಆರಿ, ಉಪ್ಪನ್ನು ಬಿಟ್ಟುಹೋಗುತ್ತದೆ. ಅಲ್ಲಿಯ ರೈತರು ಇಂಥ ನೆಲವನ್ನು ಸವಳು ಜವಳು ಎನ್ನುತ್ತಾರೆ.

ಸುಮೇರಿಯದಲ್ಲಿಯೂ ಇದೇ ನಡೆಯಿತೆಂದು ಕೆಲವು ವಿದ್ವಾಂಸರು ೧೯೫೮ರಲ್ಲಿ ವಾದಿಸಿದರು. ಹಳೆಯ ಲೆಕ್ಕಗಳಲ್ಲಿ ಗೋಧಿ ಕ್ರಮೇಣ ಕಡಮೆಯಾಗಿ, ಉಪ್ಪನ್ನು ಸಹಿಸುವ ಜವೆಗೋಧಿಯೇ ಉಳಿಯಿತೆಂಬುದು ಅವರ ಆಧಾರ. ಈ ವಾದವನ್ನು ಒಪ್ಪದವರೂ ಇದ್ದಾರೆ. ದಕ್ಷಿಣದ ಹೊಲಗಳಿಗೆ ಉಪ್ಪು ಏರಿದ್ದನ್ನು ಮಾತ್ರ ಅಲ್ಲಗಳೆಯುವುದು ಕಷ್ಟ. ಅವರಿಗಿದ್ದ ಉಪಾಯವೆಂದರೆ ಹೊಲವನ್ನು ಪಾಳು ಬಿಡುವುದು. ಕೃಷ್ಣೆಯ ದಂಡೆಯ ರೈತರಿಗೆ ಮತ್ತೊಂದುಂಟು: ಹೊಲದ ಅಡಿಯಲ್ಲಿ ತೂತುಳ್ಳ ಕೊಳವೆಗಳನ್ನು ಹೂಳಿ ಉಪ್ಪುನೀರನ್ನು ಬಸಿಯುವುದು. ಅದಕ್ಕೆ ಹಣ ಬೇಕು. ಬಸಿದ ನೀರು ಹಳ್ಳವನ್ನು ಸೇರಲು ಕೆಳಗಿನ ಹೊಲದವನ ಒಪ್ಪಿಗೆಯೂ ಬೇಕು.